‘ಅದಕ್ಕೆ ಸ್ಕೋಪ್ ಇದೆಯೇನೋ?’

ಹೋದ ತಿಂಗಳು ಸಾಗರದಲ್ಲಿ ಒಂದು ಮದುವೆ. ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಪಕ್ಕದ ಎಲೆಯಲ್ಲಿ ಕೂತಿದ್ದ ಮಾವ ಶುರು ಮಾಡಿದರು: "ನೀ ಎಂತದೋ ಮಾಡ್ತೀಯಲ್ಲ ಮಾರಾಯ, ಆ ಕನ್ನಡಕದ್ದು, ವಿಆರ್. ಅದಕ್ಕೆ ಸ್ಕೋಪ್ ಇದೆಯೇನೋ?"

ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ: ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡರೆ ಸುತ್ತಲೂ ಕಂಪ್ಯೂಟರ್ ಮಾಡಿದ ಲೋಕವೇ ಕಾಣುವುದು. ಆ ಮದುವೆಯಲ್ಲೇ ಈ ಪ್ರಶ್ನೆ ನಾಲ್ಕನೇ ಸಲ. ಇನ್ನು ಬಾಯಲ್ಲಿ ಹೇಳಲು ನನ್ನಿಂದಾಗುವುದಿಲ್ಲ. ಬರೆದು ಹಾಕುತ್ತಿದ್ದೇನೆ. ಕೇಳಿದವರಿಗೆಲ್ಲ ಲಿಂಕ್ ಕಳಿಸುತ್ತೇನೆ.

ಮೊದಲು ಈ ‘ಸ್ಕೋಪ್’. ನಮ್ಮ ಕಡೆ ಡಿ.ಫಾರ್ಮಾಗೂ ಸ್ಕೋಪ್, ಶುಂಠಿಗೂ ಸ್ಕೋಪ್. ಕೇಳುವವರಿಗೆ ಬೇಕಿರುವುದು ಒಂದು ರೇಟ್, "ಇವತ್ತು ರಾಶಿ ಅಡಿಕೆ ಎಷ್ಟಕ್ಕೆ ಹೋಯ್ತು" ಅಂದ ಹಾಗೆ. ಸರಿ, ಅಡಿಕೆ ಲೆಕ್ಕದಲ್ಲೇ ಹೇಳುತ್ತೇನೆ. ಶಿವಮೊಗ್ಗ ಮಂಡಿಯಲ್ಲಿ ಸರಕು ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ. ಸರಕಿಗೆ ಎಲ್ಲಕ್ಕಿಂತ ಜಾಸ್ತಿ ರೇಟ್, ಗೊರಬಲಿಗೆ ಎಲ್ಲಕ್ಕಿಂತ ಕಮ್ಮಿ. ಗೊರಬಲಿನ ರೇಟ್ ನೋಡಿ ಅಡಿಕೆ ಕಥೆ ಮುಗೀತು ಅಂದರೆ ನೀವೇ ನಗುತ್ತೀರಿ, ಅಲ್ವಾ?

ವಿಆರ್‌ನಲ್ಲಿ ಗೊರಬಲು ಅಂದರೆ ಮನೆಮನೆಗೆ ಹೆಡ್‌ಸೆಟ್ ಮಾರುವ ಕನಸು. ಫೇಸ್‌ಬುಕ್‌ನ ಮೆಟಾ ಕಂಪನಿ 2024 ಒಂದೇ ವರ್ಷ ಇಂಥ ಹೆಡ್‌ಸೆಟ್ ಮಾಡುವ ವಿಭಾಗದಲ್ಲಿ 1,700 ಕೋಟಿ ಡಾಲರ್‌ಗಿಂತ ಜಾಸ್ತಿ ಕಳೆದುಕೊಂಡಿದೆ. ಅದೇ ವರ್ಷ ಆಪಲ್ ತಂದ ವಿಷನ್ ಪ್ರೋ ಹೆಡ್‌ಸೆಟ್‌ಗೆ 3,499 ಡಾಲರ್, ನಮ್ಮ ದುಡ್ಡಲ್ಲಿ ಮೂರು ಲಕ್ಷದ ಹತ್ತಿರ. ಭಾರ ಅರ್ಧ ಕೆಜಿಗಿಂತ ಮೇಲೆ. ಅಷ್ಟನ್ನು ಮುಖಕ್ಕೆ ಕಟ್ಟಿಕೊಂಡು ಯಾರು ಸಿನಿಮಾ ನೋಡುತ್ತಾರೆ? (ಇದು ಹೊಸ ತಾಪತ್ರಯವೂ ಅಲ್ಲ. 1968ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವಾನ್ ಸದರ್ಲೆಂಡ್ ಮಾಡಿದ ಇಂಥದ್ದೇ ಯಂತ್ರವನ್ನು ಚಾವಣಿಯಿಂದ ನೇತುಹಾಕಬೇಕಾಗಿತ್ತು.)

ಸರಕು ಇರುವುದು ತರಬೇತಿಯಲ್ಲಿ. ಬೆಂಕಿ, ಕರೆಂಟು, ಆಪರೇಷನ್, ವಿಮಾನ. ನಿಜವಾಗಿ ಮಾಡಿ ಕಲಿಯಲು ಹೋದರೆ ಜೀವ ಹೋಗುವ ಕೆಲಸಗಳು. ಅಂಗಡಿ ಕೆಲಸಕ್ಕೂ ಆಗುತ್ತದೆ: ವಾಲ್‌ಮಾರ್ಟ್ 2018ರಲ್ಲಿ ಅಮೆರಿಕದ ತನ್ನ ಮಳಿಗೆಗಳ ಸಿಬ್ಬಂದಿಗೆ ಕಲಿಸಲು 17,000 ಹೆಡ್‌ಸೆಟ್ ತರಿಸಿತು. ನನ್ನ ಅನ್ನವೂ ಇಲ್ಲಿಂದಲೇ. ಕಾರ್ಖಾನೆಯವರಿಗೆ ಬೆಂಕಿ ಆರಿಸುವುದನ್ನು ಕಲಿಸುವ ಪ್ರೋಗ್ರಾಂ ಮಾಡುತ್ತೇವೆ.

ಎಆರ್, ಅಂದರೆ ಆಗ್ಮೆಂಟೆಡ್ ರಿಯಾಲಿಟಿ, ಬೇರೆ. ಅದು ಎದುರಿಗಿರುವುದರ ಮೇಲೆ ಚಿತ್ರ ಕೂರಿಸುವುದು. ಲೆನ್ಸ್‌ಕಾರ್ಟ್ ಆ್ಯಪ್‌ನಲ್ಲಿ ಫ್ರೇಮ್ ಮುಖಕ್ಕೆ ಒಪ್ಪುತ್ತದಾ ಅಂತ ನೋಡಿದ್ದೀರಲ್ಲ, ಅದೇ. ಫೋನ್ ಸಾಕು. ಮೈಕ್ರೋಸಾಫ್ಟ್‌ನವರ ದುಬಾರಿ ಎಆರ್ ಹೆಡ್‌ಸೆಟ್ ಹೋಲೋಲೆನ್ಸ್ 2 ತಯಾರಿಕೆ 2024ರಲ್ಲಿ ನಿಂತೇ ಹೋಯಿತು.

"ಹಾಗಾದ್ರೆ ಅಡಿಕೆಗೆ ಎಂತಾದ್ರೂ ಮಾಡಬಹುದಲ್ಲೋ?" ಇದು ಮಾವನ ಎರಡನೇ ಪ್ರಶ್ನೆ, ಪಾಯಸದ ಹೊತ್ತಿಗೆ. ಮಾಡಿದ್ದೆವು ಮಾವ. ಅದನ್ನು ಯಾರಿಗೂ ಹೇಳಿಲ್ಲ, ಅಷ್ಟೇ.

ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು ಸಿಗುವುದಿಲ್ಲ, ಹುಡುಗರಿಗೆ ಮರ ಅಂದರೆ ಹೆದರಿಕೆ. ವಿಆರ್‌ನಲ್ಲಿ ಹತ್ತಿ ಹೆದರಿಕೆ ಬಿಟ್ಟ ಮೇಲೆ ತೋಟಕ್ಕೆ ಇಳಿಯಲಿ ಅಂತ ನಮ್ಮ ಲೆಕ್ಕ. ಮೂರು ತಿಂಗಳು ಕೂತು ಡೆಮೊ ಮಾಡಿದೆವು. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಮೂವತ್ತು ವರ್ಷದಿಂದ ಬರುವ ಕೊನೆಗೌಡರನ್ನು ಜಗಲಿಯಲ್ಲಿ ಕೂರಿಸಿ ಹೆಡ್‌ಸೆಟ್ ಹಾಕಿದೆ. ಮೇಲೆ ನೋಡಿದರು, ಕೆಳಗೆ ನೋಡಿದರು. ಕವಳ (ಎಲೆ-ಅಡಿಕೆ) ಅಗಿಯುವುದು ನಿಂತಿತು. ಖುಷಿಯಾಯಿತು ಅಂದುಕೊಂಡೆ.

"ಮರ ತೂಗ್ತಾನೇ ಇಲ್ವಲ್ಲ ಮಾರಾಯ್ರೆ" ಅಂದರು.

ಹೌದು. ನಾವು ಮರವನ್ನು ಕರೆಂಟ್ ಕಂಬದ ಹಾಗೆ ನಿಲ್ಲಿಸಿದ್ದೆವು. ಅವರು ತುದಿಯಲ್ಲಿ ಮರವನ್ನು ತೂಗಿ ಪಕ್ಕದ ಮರ ಹಿಡಿಯುತ್ತಾರೆ, ನೆಲಕ್ಕೆ ಇಳಿಯದೆ ಅಲ್ಲಿಂದಲ್ಲಿಗೇ ದಾಟುತ್ತಾರೆ. ಆ ತೂಗುವುದೇ ವಿದ್ಯೆ.

ವಾಪಸ್ ಹೋಗಿ ಮರ ತೂಗುವ ಹಾಗೆ ಮಾಡಿದೆವು. ಹಾಕಿ ನೋಡಿದ ನಮ್ಮ ಹುಡುಗ ಎರಡೇ ನಿಮಿಷಕ್ಕೆ ಹೆಡ್‌ಸೆಟ್ ಕಿತ್ತು ಹೊರಗೆ ಓಡಿದ. ಕಣ್ಣು "ತೂಗ್ತಿದ್ದೀಯ" ಅನ್ನುತ್ತದೆ, ಒಳಕಿವಿ "ಕುರ್ಚಿ ಮೇಲಿದ್ದೀಯ" ಅನ್ನುತ್ತದೆ. ಜಗಳ ತೀರ್ಮಾನವಾಗುವುದು ಹೊಟ್ಟೆಯಲ್ಲಿ. ಆಗುಂಬೆ ಘಾಟಿ ಇಳಿಯುವಾಗ ಬಸ್ಸಲ್ಲಿ ಮೊಬೈಲ್ ನೋಡಿದರೆ ಆಗುವುದೂ ಇದೇ, ಉಲ್ಟಾ.

ಹೆಡ್‌ಸೆಟ್ ವಾಪಸ್ ಕೊಡುತ್ತಾ ಕೊನೆಗೌಡರು ಒಂದು ಮಾತು ಕೇಳಿದ್ದರು: "ಇದ್ರಲ್ಲಿ ಕಲ್ತ ಹುಡುಗ ಮಳೆಗಾಲದಲ್ಲಿ ಮದ್ದು ಹೊಡಿಯೋಕೆ ಮರ ಹತ್ತುತ್ತಾನಾ?"

ನೀವೆಲ್ಲ ಇದನ್ನು ಕೇಳಿದ್ದರೆ ನಾನು ಹೋಳಿಗೆ ಆರಿದರೂ ಉತ್ತರ ಹೇಳುತ್ತಿದ್ದೆ. ಬೆಂಕಿಯ ತರಬೇತಿಯಲ್ಲಿ ಬೆಂಕಿ ಆರಿಸುವ ಯಾವ ಸಿಲಿಂಡರ್ ಎತ್ತಬೇಕು, ಯಾವ ಬಾಗಿಲಿಗೆ ಓಡಬೇಕು ಅನ್ನುವುದೇ ಮುಖ್ಯ. ಅದು ತಲೆಯಲ್ಲಿ ಉಳಿಯುತ್ತದೆ. ಜಾರುವ ಮರದಲ್ಲಿ ಪಾದದ ಹಿಡಿತ ಎಷ್ಟಿರಬೇಕು ಅಂತ ಹೆಡ್‌ಸೆಟ್‌ಗೆ ಏನು ಗೊತ್ತು? "ಇಲ್ಲ" ಅಂದೆ. ಅವರು ಕವಳ ಉಗಿದು ತೋಟಕ್ಕೆ ಹೋದರು.

ಡೆಮೊ ಮೂಲೆಗೆ ಬಿತ್ತು. ಅಷ್ಟರಲ್ಲಿ ಊರಿಗೆ ಕಾರ್ಬನ್ ಫೈಬರ್ ದೋಟಿಯೂ ಬಂತು. ಈಗ ನೆಲದ ಮೇಲೆ ನಿಂತೇ ಕೊನೆ ಕೊಯ್ಯುತ್ತಾರೆ, ನಿಂತೇ ಮದ್ದು ಹೊಡೆಯುತ್ತಾರೆ. ಆಪಲ್, ಮೆಟಾ ಅಂತ ಹೆದರಿದ್ದೆ. ನನ್ನ ಮಾರ್ಕೆಟ್ ಹೊಡೆದದ್ದು ಒಂದು ಕೋಲು.

ಮಾವ, ನಿಮ್ಮ ಪ್ರಶ್ನೆಯ ಒಳಗಿರುವುದು ಮಗನ ಅಡ್ಮಿಷನ್ ಅಂತ ಗೊತ್ತು. ಫೀಸ್ ಕಟ್ಟುವ ಮೊದಲು ಅವನನ್ನು ಒಂದು ದಿನ ಕಳಿಸಿ, ಆ ತೂಗುವ ಮರ ಇನ್ನೂ ನನ್ನ ಕಂಪ್ಯೂಟರಲ್ಲಿದೆ. ಖಾಲಿ ಹೊಟ್ಟೆಯಲ್ಲಿ ಬರಲಿ.