ಗಾಟ್ಲೀಬ್ ಪಿನ್‌ಬಾಲ್ ದುರಸ್ತಿ: ರೀಸೆಟ್ ಸರಿಹೋಯಿತು, ಫ್ಲಿಪರ್‌ಗೆ ಬಲ ಬಂತು

ಯಂತ್ರ ಗಾಟ್ಲೀಬ್ ಕಂಪನಿಯ ಪಿನ್‌ಬಾಲ್, 1960ರ ದಶಕದ ಕೊನೆಯದು, ಒಬ್ಬರೇ ಆಡುವಂಥದ್ದು. ಇದರಲ್ಲಿ ಸರ್ಕ್ಯೂಟ್ ಬೋರ್ಡ್ ಇಲ್ಲ. ಲೆಕ್ಕವೆಲ್ಲ ರಿಲೇ (ಕರೆಂಟಿನಿಂದ ಎಳೆದುಕೊಳ್ಳುವ ಸ್ವಿಚ್), ಸ್ಟೆಪರ್ (ಪ್ರತಿ ಪಲ್ಸ್‌ಗೆ ಒಂದು ಹೆಜ್ಜೆ ತಿರುಗುವ ಚಕ್ರ) ಮತ್ತು ಸ್ವಿಚ್‌ಗಳನ್ನು ಸರದಿಯಲ್ಲಿ ಒತ್ತುವ ಸ್ಕೋರ್ ಮೋಟರಿನದು. ಬಂದಾಗ ಬಲ್ಬುಗಳು ಉರಿಯುತ್ತಿದ್ದವು. ಸ್ಟಾರ್ಟ್ ಒತ್ತಿದರೆ ಸ್ಕೋರ್ ಮೋಟರ್ ನಿಲ್ಲದೆ ತಿರುಗುತ್ತಿತ್ತು. ಚೆಂಡು ಹೊಡೆಯುವ ಎಡ ಫ್ಲಿಪರ್‌ಗೆ ಅದನ್ನು ಅರ್ಧ ದಾರಿ ಕಳಿಸುವ ಶಕ್ತಿಯೂ ಇರಲಿಲ್ಲ.

ಮೊದಲ ಕೆಲಸ ವೈರು, ಫ್ಯೂಸು. ಹಳೆಯ ಎರಡು ತಂತಿಯ ಕಾರ್ಡ್ ತೆಗೆದು ಅರ್ತ್ ಇರುವ ಮೂರು ತಂತಿಯದನ್ನು ಹಾಕಿ, ಅರ್ತ್ ತಂತಿಯನ್ನು ಟ್ರಾನ್ಸ್‌ಫಾರ್ಮರ್ ಚೌಕಟ್ಟು, ಬಾಗಿಲು, ಲಾಕ್‌ಬಾರ್ (ಮುಂಭಾಗದ ಲೋಹದ ಪಟ್ಟಿ), ಕಾಲಿನ ಬೋಲ್ಟುಗಳಿಗೆ ಜೋಡಿಸಿದ್ದಾಯಿತು. ಫ್ಯೂಸುಗಳಲ್ಲಿ ಒಂದು ಲೇಬಲ್‌ನಲ್ಲಿ ಬರೆದದ್ದಕ್ಕಿಂತ ದೊಡ್ಡದು. ಇಂಥ ಯಂತ್ರಗಳಲ್ಲಿ ಇದು ಮಾಮೂಲು: ಯಾರೋ ಶಾರ್ಟ್ ಹುಡುಕುವ ಬದಲು ಫ್ಯೂಸ್ ದೊಡ್ಡದು ಮಾಡಿರುತ್ತಾರೆ, ಆಮೇಲೆ ಸುಡುವುದು ಕಾಯಿಲ್ (ಕರೆಂಟ್ ಹರಿದಾಗ ಅಯಸ್ಕಾಂತದಂತೆ ಎಳೆಯುವ ತಂತಿಸುರುಳಿ).

ಮೋಟರ್ ನಿಲ್ಲದಿರುವುದಕ್ಕೆ ಮೋಟರನ್ನೇ ಬಿಚ್ಚಬೇಕಿಲ್ಲ. ಆಟ ಶುರುವಾಗುವಾಗ ಮೋಟರ್ ಕೊಡುವ ಪಲ್ಸ್‌ಗಳು ಪ್ರತಿ ಸ್ಕೋರ್ ರೀಲನ್ನೂ (ಅಂಕೆ ಮುದ್ರಿಸಿದ ಚಕ್ರ) ಒಂದೊಂದೇ ಅಂಕೆ ಮುಂದಕ್ಕೆ ತಳ್ಳುತ್ತವೆ. ರೀಲ್ ಸೊನ್ನೆಗೆ ಬಂದಾಗ ಅದರ ಸೊನ್ನೆ ಸ್ವಿಚ್ ತೆರೆದು ಪಲ್ಸ್ ನಿಲ್ಲಿಸುತ್ತದೆ. ಒಂದು ರೀಲ್ ಬರದಿದ್ದರೂ ಯಂತ್ರ ಕಾಯುತ್ತಲೇ ಇರುತ್ತದೆ, ಮೋಟರ್ ತಿರುಗುತ್ತಲೇ ಇರುತ್ತದೆ. ಹಾಗಾಗಿ ನೋಡಬೇಕಾದ್ದು ಸೊನ್ನೆಯಲ್ಲಿ ನಿಲ್ಲದ ರೀಲನ್ನು. ಇಲ್ಲಿ ನೂರರ ರೀಲ್ 7ರಲ್ಲಿ ಸಿಕ್ಕಿಕೊಂಡಿತ್ತು.

ಕಾಯಿಲ್ ಎಳೆಯುತ್ತಿತ್ತು, ರೀಲ್ ಮಾತ್ರ ಕದಲುತ್ತಿರಲಿಲ್ಲ. ಈ ರೀಲ್‌ಗಳಲ್ಲಿ ಕಾಯಿಲ್ ಮುಂದಿನ ಹಲ್ಲನ್ನು ಹಿಡಿಯಲು ಕೊಂಡಿಯನ್ನು ಹಿಂದಕ್ಕೆಳೆಯುತ್ತದಷ್ಟೆ. ರೀಲನ್ನು ಮುಂದಕ್ಕೆ ತಿರುಗಿಸುವುದು ಸ್ಪ್ರಿಂಗ್. ದಶಕಗಳ ಗ್ರೀಸ್ ಅಂಟಾಗಿ ಗಟ್ಟಿಯಾದರೆ ಸ್ಪ್ರಿಂಗ್ ಸೋಲುತ್ತದೆ. ಸ್ಪ್ರಿಂಗ್ ಬಿಗಿ ಮಾಡುವುದು, ಸ್ವಿಚ್ ಬ್ಲೇಡ್ ಬಗ್ಗಿಸುವುದು ಎರಡೂ ತಪ್ಪು ದಾರಿ. ರೀಲ್ ಬಿಚ್ಚಿ, ತಿರುಗುವ ಜಾಗಗಳನ್ನೆಲ್ಲ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿಸಿ ಜೋಡಿಸಿದರೆ ಸಾಕು. ಅಂಕೆಗಳ ಮೇಲೆ ಆಲ್ಕೋಹಾಲ್ ತಾಗಲೇಬಾರದು, ಮುದ್ರಣ ಬಟ್ಟೆಗೆ ಬರುತ್ತದೆ. ಸ್ಪ್ರೇ ಎಣ್ಣೆಯೂ ಬೇಡ. ಎಣ್ಣೆ ಕಾಂಟ್ಯಾಕ್ಟಿಗೆ ಹರಿದು ಧೂಳು ಹಿಡಿಯುತ್ತದೆ. ಉಳಿದ ರೀಲ್‌ಗಳಿಗೂ ಇದೇ ಚಿಕಿತ್ಸೆ ಆಯಿತು. ಈಗ ಎಲ್ಲವೂ ಸೊನ್ನೆಗೆ ಬಂದು ಮೋಟರ್ ತಾನೇ ನಿಲ್ಲುತ್ತದೆ.

ಸ್ಟೆಪರ್‌ಗಳದೂ ಅದೇ ಕಥೆ. ವೈಪರ್ (ತಿರುಗುತ್ತ ಸಂಪರ್ಕ ಕೊಡುವ ತೋಳು) ಬಿಚ್ಚುವ ಮೊದಲು ಅದು ಯಾವ ರಿವೆಟ್ (ಸಂಪರ್ಕದ ಲೋಹದ ಗುಂಡಿ) ಮೇಲೆ ನಿಂತಿದೆ ಎಂದು ಗುರುತು ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಬೇಕು.

ಇನ್ನು ಫ್ಲಿಪರ್. ಅದರ ಕಾಯಿಲಿನಲ್ಲಿ ಎರಡು ಸುತ್ತು: ಹೊಡೆಯಲು ದಪ್ಪ ತಂತಿಯದು, ಹಿಡಿದಿಡಲು ತೆಳು ತಂತಿಯದು. ಬ್ಯಾಟ್ (ಫ್ಲಿಪರ್‌ನ ಹೊಡೆಯುವ ಕೋಲು) ಕೆಳಗಿರುವಾಗ, ಚಲನೆಯ ತುದಿಯ ಸ್ವಿಚ್ ಮುಚ್ಚಿದ್ದು ತೆಳು ಸುತ್ತನ್ನು ಬದಿಗಿಡುತ್ತದೆ. ಬ್ಯಾಟ್ ಮೇಲೇರಿದಾಗ ಆ ಸ್ವಿಚ್ ತೆರೆದು ಕರೆಂಟ್ ಇಳಿಸುತ್ತದೆ. ಸ್ವಿಚ್ ಕೊಳೆಯಾದರೆ ಫ್ಲಿಪರ್ ಸೊರಗುತ್ತದೆ, ತೆರೆಯದೇ ಹೋದರೆ ಕಾಯಿಲ್ ಸುಡುತ್ತದೆ. ಪರೀಕ್ಷೆ ಸುಲಭ: ಪ್ಲಗ್ ಕಿತ್ತು, ಕಾಯಿಲಿನ ಹೊರಗಿನ ಎರಡು ಲಗ್‌ಗಳ (ತಂತಿ ಬೆಸೆಯುವ ಕೊನೆ) ಮಧ್ಯೆ ಮೀಟರ್ ಇಡಬೇಕು. ಮೊದಲು ಕೆಲವೇ ಓಮ್ ತೋರಿಸಬೇಕು. ಸ್ವಿಚ್ ನಡುವೆ ಕಾಗದದ ಚೂರು ಸಿಕ್ಕಿಸಿದರೆ ಅದು ಹಲವು ಪಟ್ಟು ಏರಬೇಕು. ಏರಿ ಅನಂತಕ್ಕೆ ಹೋದರೆ ತೆಳು ತಂತಿ ತುಂಡಾಗಿದೆ.

ಇಲ್ಲಿ ಕಾಯಿಲ್ ಚೆನ್ನಾಗಿತ್ತು, ಸ್ವಿಚ್ ಕಪ್ಪಾಗಿತ್ತು. ಫ್ಲಿಪರ್ ಕಾಂಟ್ಯಾಕ್ಟ್ ಟಂಗ್‌ಸ್ಟನ್ ಆದ್ದರಿಂದ ಲೋಹದ ಸಣ್ಣ ಅರವನ್ನು ತಾಳಿಕೊಳ್ಳುತ್ತದೆ. ರಿಲೇಗಳ ಬೆಳ್ಳಿ ಕಾಂಟ್ಯಾಕ್ಟಿಗೆ ಅರ ಹಾಕಿದರೆ ಬೆಳ್ಳಿಯೇ ಹೋಗುತ್ತದೆ. ಅದಕ್ಕೆ ಆಲ್ಕೋಹಾಲಿನಲ್ಲಿ ಅದ್ದಿದ ದಪ್ಪ ಕಾಗದ ಎಳೆದರೆ ಸಾಕು. ಬ್ಯಾಟ್ ಪೂರ್ತಿ ಮೇಲಿದ್ದಾಗ ತುದಿಯ ಸ್ವಿಚ್ಚಿನ ಅಂತರ ಸುಮಾರು 1.5 ಮಿಲಿಮೀಟರ್ ಇರಲಿ. ಕಾಯಿಲ್ ಒಳಗಿನ ಲೋಹದ ಸ್ಲೀವ್ (ಕೊಳವೆ) ತೆಗೆದು ನೈಲಾನಿನದು ಹಾಕಿದ್ದಾಯಿತು, ಅದರಲ್ಲಿ ಓಡಾಡುವ ಪ್ಲಂಜರ್ (ಕಬ್ಬಿಣದ ಸರಳು) ಕೊನೆ ಚಪ್ಪಟೆಯಾಗಿ ಹರಡಿದ್ದರಿಂದ ಅದನ್ನೂ ಬದಲಿಸಿದ್ದಾಯಿತು. ಕಾಯಿಲ್ ಓಡುವುದು ಎಸಿಯಲ್ಲಿ, ಹಾಗಾಗಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಬೇಡ.

ಹಿಂಗಾಜಿಗೆ (ಯಂತ್ರದ ಮೇಲ್ಭಾಗದ ಚಿತ್ರವಿರುವ ಗಾಜು) 44 ನಂಬರಿನ ಬಲ್ಬುಗಳ ಜಾಗದಲ್ಲಿ 47. ಒಂದೊಂದು 0.25 ಆಂಪಿಯರ್ ಬದಲು 0.15 ಎಳೆಯುತ್ತದೆ, 40 ಬಲ್ಬಿಗೆ 10 ಇದ್ದದ್ದು 6ಕ್ಕೆ ಇಳಿಯಿತು. ಬೆಳಕು ತುಸು ಕಡಿಮೆ, ಗಾಜಿನ ಬಣ್ಣಕ್ಕೆ ತಾಗುವ ಬಿಸಿಯೂ ಕಡಿಮೆ. ಗಾಜಿನ ಹಿಂಬದಿ ಬಣ್ಣ ಅಲ್ಲಲ್ಲಿ ಎದ್ದಿದೆ, ಅದನ್ನು ಒರೆಸುವಂತಿಲ್ಲ.

ಪ್ಲೇಫೀಲ್ಡ್ (ಚೆಂಡು ಉರುಳುವ ಹಲಗೆ) ಇನ್ನೂ ಮುಟ್ಟಿಲ್ಲ. ಮೊದಲು ನ್ಯಾಫ್ತಾ (ಪೆಟ್ರೋಲಿಯಂ ದ್ರಾವಕ) ಹಚ್ಚಿದ ಬಟ್ಟೆ. ಹಳೆಯ ಲ್ಯಾಕರ್ ಆಲ್ಕೋಹಾಲಿಗೆ ಮೆತ್ತಗಾಗಬಹುದು, ಬಟ್ಟೆಗೆ ಬಣ್ಣ ಬಂದ ಕ್ಷಣ ನಿಲ್ಲಿಸಬೇಕು. ಆಮೇಲೆ ಕಾರ್ನೌಬಾ ಮೇಣ, ಹೊಸ ರಬ್ಬರ್, 27 ಮಿಲಿಮೀಟರ್‌ನ ಹೊಸ ಚೆಂಡು, 3.5 ಡಿಗ್ರಿ ಇಳಿಜಾರು. ಹಳೆ ಚೆಂಡಿನಲ್ಲಿ ತುಕ್ಕಿನ ಗುಳಿಗಳಿವೆ, ಅದು ಹೊಸ ಮೇಣದ ಮೇಲೆ ಉರುಳುವುದು ಬೇಡ.