ರೋಗಿಯನ್ನು ನೋಡಲು ನಾವೂ ಹೋಗುತ್ತೇವಲ್ಲ, ಅವರದ್ದೇನು ಹೆಚ್ಚು?

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ, ಸಂಪ್ರದಾಯಸ್ಥ ಯಹೂದಿಗಳು ಹೆಚ್ಚಾಗಿ ಬರುತ್ತಿದ್ದ ಆಸ್ಪತ್ರೆಯೊಂದರಲ್ಲಿ ನಾನು ಹಲವು ವರ್ಷ ನರ್ಸ್ ಆಗಿ ಕೆಲಸ ಮಾಡಿದೆ. ಅವರ ಸಿನಗಾಗ್‌ಗಳಿಂದ, ಅಂದರೆ ಪ್ರಾರ್ಥನಾ ಮಂದಿರಗಳಿಂದ, ರೋಗಿಗಳನ್ನು ಕಾಣಲು ಜನ ಬರುತ್ತಿದ್ದ ಕ್ರಮವನ್ನು ಊರಿಗೆ ಬಂದಾಗ ಹೇಳಿದರೆ, ಕೇಳಿದವರು ಪ್ರತಿಸಲವೂ ಒಂದೇ ಮಾತು ಆಡುತ್ತಾರೆ: "ಹಣ್ಣು, ಎಳನೀರು ಹಿಡಿದುಕೊಂಡು ನಾವೂ ಹೋಗುತ್ತೇವಲ್ಲ, ಅವರದ್ದೇನು ಹೆಚ್ಚು?"

ನಾವು ಹೋಗುತ್ತೇವೆ, ನಿಜ. ಆದರೆ ಬಹುಮಟ್ಟಿಗೆ ನಮ್ಮವರನ್ನು ನೋಡಲು ಹೋಗುತ್ತೇವೆ. ನಂಟಿದ್ದರೆ ಹೋಗುತ್ತೇವೆ, ನಂಟು ಸಡಿಲವಾಗಿದ್ದರೆ ಮುಖ ತೋರಿಸಿ ಬರುತ್ತೇವೆ, ನಂಟೇ ಇಲ್ಲದಿದ್ದರೆ ಆ ವಾರ್ಡಿನ ಹೆಸರೂ ನಮಗೆ ತಿಳಿದಿರುವುದಿಲ್ಲ. ಯಹೂದಿಗಳಲ್ಲಿ ರೋಗಿಯನ್ನು ಕಾಣುವುದಕ್ಕೆ ಬಿಕೂರ್ ಖೋಲಿಮ್ ಎಂದು ಹೆಸರು. ಅದು ಮಿತ್ಸ್ವಾ, ಅಂದರೆ ಮನಸ್ಸು ಬಂದಾಗ ಮಾಡುವ ಉಪಕಾರವಲ್ಲ, ಮನಸ್ಸಿದ್ದರೂ ಇಲ್ಲದಿದ್ದರೂ ಸಲ್ಲಿಸಬೇಕಾದ ಕರ್ತವ್ಯ. ಪ್ರೀತಿಸುವವರು ಒಬ್ಬರೂ ಉಳಿಯದ ಮುದುಕಿಯ ಬಳಿಗೂ ಯಾರಾದರೂ ಬರುತ್ತಿದ್ದುದು ಈ ಕಾರಣಕ್ಕೆ, ಮತ್ತು ನನ್ನ ಉತ್ತರದ ತಿರುಳೂ ಇದೇ.

ಯಹೂದಿ ವಿದ್ವಾಂಸರ ಧರ್ಮಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮುದ್‌ನಲ್ಲಿ ಇದಕ್ಕೊಂದು ಪ್ರಸಂಗವಿದೆ. ರಬ್ಬಿ, ಅಂದರೆ ಧರ್ಮಗುರು, ಅಕಿವಾ ಅವರ ಶಿಷ್ಯನೊಬ್ಬ ಕಾಯಿಲೆ ಬಿದ್ದ. ವಿದ್ವಾಂಸರಲ್ಲಿ ಒಬ್ಬರೂ ಅವನನ್ನು ನೋಡಲು ಹೋಗಲಿಲ್ಲ. ಕೊನೆಗೆ ಗುರುಗಳೇ ಹೋದರು. ಅವರು ಬಂದರೆಂದು ಕೋಣೆಯನ್ನು ಗುಡಿಸಿ, ನೆಲಕ್ಕೆ ನೀರು ಚಿಮುಕಿಸಿದರು. ಶಿಷ್ಯ ಚೇತರಿಸಿಕೊಂಡು, "ಗುರುಗಳೇ, ನೀವು ನನ್ನನ್ನು ಬದುಕಿಸಿದಿರಿ" ಎಂದ. ಅಲ್ಲಿಂದ ಹೊರಟ ಅಕಿವಾ, ರೋಗಿಯನ್ನು ನೋಡಲು ಹೋಗದವನು ರಕ್ತ ಸುರಿಸಿದವನಿಗೆ ಸಮ ಎಂದು ಬೋಧಿಸಿದರು. ಮಂತ್ರವಿಲ್ಲ, ಪವಾಡವಿಲ್ಲ, ಪೊರಕೆ ಮತ್ತು ಒಂದು ತಂಬಿಗೆ ನೀರು. ಮಣ್ಣಿನ ನೆಲದ ಮನೆಯಲ್ಲಿ ಬೆಳೆದವರಿಗೆ ಆ ಕೋಣೆಯ ಧೂಳು ಅಡಗಿ ಉಸಿರು ಹಗುರಾದದ್ದು ವಿವರಿಸದೆಯೇ ಗೊತ್ತಾಗುತ್ತದೆ. ಯಾರೂ ಬಾರದ ಕೋಣೆಯನ್ನು ಯಾರೂ ಗುಡಿಸುವುದಿಲ್ಲ ಎಂಬುದನ್ನು ನಾನು ಆಧುನಿಕ ಆಸ್ಪತ್ರೆಯಲ್ಲೂ ಕಂಡಿದ್ದೇನೆ: ಆಗಾಗ ಯಾರಾದರೂ ಬಂದು ವಿಚಾರಿಸುವ ರೋಗಿಯ ಕರೆಗಂಟೆಗೆ ನಾವೇ, ನಮಗರಿವಿಲ್ಲದೆ, ಬೇಗ ಓಗೊಡುತ್ತಿದ್ದೆವು. ಇದನ್ನು ಒಪ್ಪಿಕೊಳ್ಳಲು ನನಗೆ ನೋವಾಗುತ್ತದೆ.

ಕರ್ತವ್ಯವಾದ್ದರಿಂದ ಅದಕ್ಕೆ ನಿಯಮಗಳೂ ಇವೆ, ಮತ್ತು ಅವೆಲ್ಲ ಹೋಗುವವನ ಅನುಕೂಲಕ್ಕಲ್ಲ, ಮಲಗಿರುವವನ ಹಿತಕ್ಕಾಗಿ ಇವೆ. 16ನೆಯ ಶತಮಾನದಲ್ಲಿ ಯೋಸೆಫ್ ಕಾರೋ ರಚಿಸಿದ ಶುಲ್ಖಾನ್ ಅರೂಖ್ ಎಂಬ ಧರ್ಮಸಂಹಿತೆಯ ಪ್ರಕಾರ ಬಂಧುಗಳೂ ಆಪ್ತರೂ ಕೂಡಲೇ ಹೋಗಬಹುದು, ಉಳಿದವರು ಮೂರು ದಿನ ಬಿಟ್ಟು ಹೋಗಬೇಕು. ಹೊಟ್ಟೆ ಕೆಟ್ಟವನ ಬಳಿಗೆ ನೇರವಾಗಿ ಹೋಗಕೂಡದು, ಅವನಿಗೆ ನಾಚಿಕೆಯಾಗುತ್ತದೆ; ಕಣ್ಣುನೋವು, ತಲೆನೋವಿನವನ ಬಳಿಗೂ ಹೋಗಕೂಡದು, ಮಾತಾಡುವುದೇ ಅವನಿಗೆ ಭಾರ. ಹಾಗೆಂದು ಬಿಟ್ಟುಬಿಡುವಂತಿಲ್ಲ: ಹೊರಕೋಣೆಯಲ್ಲಿ ನಿಂತು, ಗುಡಿಸುವುದೋ ನೀರು ಚಿಮುಕಿಸುವುದೋ ಏನಾದರೂ ಆಗಬೇಕೇ ಎಂದು ವಿಚಾರಿಸಬೇಕು. ಹಗಲಿನ ಮೊದಲ ಮೂರು ಗಂಟೆಗಳಲ್ಲಿ ಹೋಗಬಾರದು, ಆಗ ಕಾಯಿಲೆ ಹಗುರವಾಗಿ ಕಂಡು ನೋಡಿದವನು ಪ್ರಾರ್ಥಿಸುವುದನ್ನೇ ಮರೆಯುತ್ತಾನೆ. ಕೊನೆಯ ಮೂರು ಗಂಟೆಗಳಲ್ಲೂ ಹೋಗಬಾರದು, ಆಗ ಅದು ಉಲ್ಬಣಿಸಿದಂತೆ ಕಂಡು ಆಸೆ ಬಿಡುತ್ತಾನೆ. ಸಂಜೆಯ ಹೊತ್ತಿಗೆ ಜ್ವರ ಏರುವುದನ್ನು ದಿನವೂ ಪಟ್ಟಿಯಲ್ಲಿ ಬರೆಯುತ್ತಿದ್ದ ನನಗೆ ಈ ನಿಯಮ ಓದಿ ಬಹಳ ಗೌರವ ಮೂಡಿತು.

ಬಂದವರು ಏನು ಮಾತಾಡಬೇಕು? ಇದಕ್ಕೂ ತಾಲ್ಮುದ್‌ನ ಕಥೆಯೇ ನನಗೆ ಪಾಠ. ಕತ್ತಲೆಯ ಕೋಣೆಯಲ್ಲಿ ಮಲಗಿ ಅಳುತ್ತಿದ್ದ ರಬ್ಬಿ ಎಲಾಜಾರ್ ಅವರನ್ನು ನೋಡಲು ರಬ್ಬಿ ಯೋಖಾನಾನ್ ಹೋದರು. ಕಲಿತದ್ದು ಸಾಲದೆಂದು ಅಳುವಿರಾ, ಬಡತನಕ್ಕೆ ಅಳುವಿರಾ, ಮಕ್ಕಳಿಗಾಗಿಯೇ ಎಂದು ಒಂದೊಂದಕ್ಕೂ ಸಮಾಧಾನ ಹೇಳಿದರು. ಹತ್ತು ಮಕ್ಕಳನ್ನು ಕಳೆದುಕೊಂಡಿದ್ದ ಯೋಖಾನಾನ್ ತಮ್ಮ ನೋವನ್ನೂ ಮುಂದಿಟ್ಟರು. ಯಾವುದೂ ಅಲ್ಲ, ನಿಮ್ಮ ಈ ಚೆಲುವು ಮಣ್ಣಿನಲ್ಲಿ ಕೊಳೆತುಹೋಗುತ್ತದಲ್ಲಾ ಎಂದು ಅಳುತ್ತಿದ್ದೇನೆ ಎಂದರು ಎಲಾಜಾರ್. ಅದಕ್ಕಾದರೆ ಅಳಲೇಬೇಕು ಎಂದು ಯೋಖಾನಾನ್ ಒಪ್ಪಿದರು, ಇಬ್ಬರೂ ಅತ್ತರು. ಆಮೇಲೆ, ಈ ಸಂಕಟ ನಿಮಗೆ ಪ್ರಿಯವೇ ಎಂದು ಕೇಳಿದರು. ಸಂಕಟವೂ ಬೇಡ, ಅದರ ಪುಣ್ಯವೂ ಬೇಡ ಎಂಬ ಉತ್ತರ ಬಂದಾಗ, ಕೈ ಕೊಡಿ ಎಂದು ಹಿಡಿದು ಎಬ್ಬಿಸಿದರು. ಹಾಸಿಗೆಯ ಪಕ್ಕ ನಿಂತು "ನಮ್ಮ ಮಾವನಿಗೂ ಹೀಗೇ ಆಗಿತ್ತು" ಎಂದು ಆರಂಭಿಸುವ ನಮ್ಮ ಅಭ್ಯಾಸಕ್ಕಿಂತ ಆ ಅಳು ಎಷ್ಟೋ ಮೇಲು ಎಂದು ನಾನು ನಂಬಿದ್ದೇನೆ.

ಇದೆಲ್ಲ ಗ್ರಂಥದಲ್ಲೇ ಉಳಿದ ಮಾತಲ್ಲ. ಸಂಪ್ರದಾಯಸ್ಥ ಯಹೂದಿಗಳ ಸಾತ್ಮರ್ ಪಂಥದ ಗುರು ಯೋಯೆಲ್ ಟೈಟೆಲ್‌ಬಾಮ್ ಅವರ ಪತ್ನಿ ಆಲ್ಟೆ ಫೈಗಾ 1950ರ ದಶಕದಲ್ಲಿ ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್‌ನಲ್ಲಿ ರೋಗಿಗಳಿಗೆ ಅಡುಗೆ ಮಾಡಿ ಆಸ್ಪತ್ರೆಗೆ ಒಯ್ಯುವುದನ್ನು ಆರಂಭಿಸಿದರು. ಅವರು ಕಟ್ಟಿದ ಹೆಂಗಸರ ಬಳಗ ಇಂದಿಗೂ ಆ ಕೆಲಸ ಮಾಡುತ್ತಿದೆ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ವಾಹನ ಹತ್ತದ ಸಂಪ್ರದಾಯಸ್ಥರು ಸಬ್ಬತ್ ಎಂಬ ವಾರದ ವಿಶ್ರಾಂತಿಯ ದಿನ ರೋಗಿಯನ್ನು ಬಿಟ್ಟು ಮನೆಗೆ ಹೋಗಲಾರರು; ಅವರಿಗಾಗಿ ಆಸ್ಪತ್ರೆಗಳ ಸಮೀಪ ತಂಗುವ ಮನೆಗಳನ್ನೂ, ಆಸ್ಪತ್ರೆಯೊಳಗೆ ಕೋಷರ್, ಅಂದರೆ ಅವರ ಧರ್ಮದ ನಿಯಮದಂತೆ ಮಾಡಿದ, ಊಟವಿರುವ ಕೋಣೆಯನ್ನೂ ಇಂಥ ಬಳಗಗಳು ನಡೆಸುತ್ತವೆ. ಫೋನ್ ಮಾಡಿದರೆ ಸಾಲದೇ ಎಂಬ ಪ್ರಶ್ನೆಗೆ, 20ನೆಯ ಶತಮಾನದಲ್ಲಿ ನ್ಯೂಯಾರ್ಕಿನಲ್ಲಿದ್ದ ಧರ್ಮವಿದ್ವಾಂಸ ಮೋಶೆ ಫೈನ್‌ಸ್ಟೈನ್, ಹೋಗಲಾಗದವನು ಫೋನ್ ಮಾಡಲೇಬೇಕು, ಆದರೆ ಹೋಗಬಲ್ಲವನ ಕರ್ತವ್ಯ ಅಷ್ಟರಿಂದ ಪೂರ್ತಿಯಾಗದು ಎಂದು ತೀರ್ಪಿತ್ತರು.

ರೋಗಿಯನ್ನು ಕಂಡವನು ಕಾಯಿಲೆಯ ಅರವತ್ತನೆಯ ಒಂದು ಪಾಲನ್ನು ಒಯ್ಯುತ್ತಾನೆ ಎಂಬ ಮಾತೂ ತಾಲ್ಮುದ್‌ನಲ್ಲಿದೆ. ಹಾಗಾದರೆ ಅರವತ್ತು ಜನ ಹೋಗಿ ಗುಣಪಡಿಸಲಿ ಎಂದು ಅಲ್ಲೇ ಒಬ್ಬರು ಆಕ್ಷೇಪಿಸುತ್ತಾರೆ. ಇಲ್ಲ, ಪ್ರತಿಯೊಬ್ಬನೂ ಒಯ್ಯುವುದು ಉಳಿದದ್ದರಲ್ಲಿ ಅರವತ್ತನೆಯ ಪಾಲು ಎಂಬುದು ಸಮಾಧಾನ. ಹಾಗೆ ಲೆಕ್ಕ ಹಾಕಿದರೆ ಕಾಯಿಲೆ ಎಂದೂ ಪೂರ್ತಿ ತೀರುವುದಿಲ್ಲ, ಮುಂದಿನವನು ಬರುವ ಅಗತ್ಯವೂ ತೀರುವುದಿಲ್ಲ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ನಮ್ಮ ವಾರ್ಡಿನಲ್ಲಿ ಬಂಧುಗಳಿಲ್ಲದ ಒಬ್ಬ ವೃದ್ಧೆ ಇದ್ದರು. ಎಂದೂ ಅವರನ್ನು ಕಂಡಿರದ ಇಬ್ಬರು ಹೆಂಗಸರು ಸಿನಗಾಗ್‌ನಿಂದ ಮಂಗಳವಾರಗಳಂದು ಬರುತ್ತಿದ್ದರು. ಯಹೂದಿಯಲ್ಲದ ರೋಗಿಯನ್ನೂ ಕಾಣಬೇಕೆಂಬ ವಿಧಿಯಂತೆ ಪಕ್ಕದ ಮಂಚದ ಗುಜರಾತಿ ಅಜ್ಜಿಯನ್ನೂ ಮಾತಾಡಿಸುತ್ತಿದ್ದರು. ಸಭೆಯಲ್ಲಿ ರೋಗಿಗಾಗಿ ಪ್ರಾರ್ಥಿಸುವಾಗ ತಾಯಿಯ ಹೆಸರು ಹಿಡಿದು, ಇಂಥವಳ ಮಗಳು ಇಂಥವಳು ಎಂದು ಕರೆಯುವುದು ರೂಢಿ. ಮೊದಲ ದಿನವೇ ಅವರಲ್ಲೊಬ್ಬರು ಪುಸ್ತಕ ತೆರೆದು, "ನಿಮ್ಮ ಅಮ್ಮನ ಹೆಸರೇನಮ್ಮಾ? ಶನಿವಾರ ಓದಬೇಕು" ಎಂದು ಕೇಳಿದರು. ಆ ವೃದ್ಧೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಸರು ಹೇಳಿದರು. ಆಮೇಲೆ ಎದ್ದು ಕುಳಿತು, ತಪ್ಪಿಲ್ಲದೆ ಬರೆದುಕೊಳ್ಳಲೆಂದು ಮತ್ತೊಮ್ಮೆ ನಿಧಾನವಾಗಿ ಹೇಳಿದರು.