ಅಲೆವಿ ಬೇರೆ, ಅಲವಿ ಬೇರೆ

2025ರ ಮಾರ್ಚ್‌ನಲ್ಲಿ ಸಿರಿಯಾದ ಕರಾವಳಿಯಲ್ಲಿ ಅಲವಿ ಎಂಬ ಧಾರ್ಮಿಕ ಅಲ್ಪಸಂಖ್ಯಾತರ ಕೊಲೆ ನಡೆದಾಗ ನಾನು ಪತ್ರಿಕೆಯ ವಿದೇಶ ಪುಟದ ರಾತ್ರಿ ಪಾಳಿಯಲ್ಲಿದ್ದೆ. ಲತಾಕಿಯಾ, ತಾರ್ತೂಸ್, ಬನಿಯಾಸ್‌ಗಳಿಂದ ಸುದ್ದಿ ಒಂದರ ಹಿಂದೊಂದು ಬರುತ್ತಿತ್ತು. ಪುಟ ಮುಗಿಸುವ ಹೊತ್ತಿಗೆ ಚಿತ್ರವೊಂದು ಬೇಕಾಯಿತು. ಹುಡುಕಿದೆ, ಸಿಕ್ಕಿತು, ಹಾಕಿದೆ. ಗಂಡಸರೂ ಹೆಂಗಸರೂ ಒಟ್ಟಿಗೆ ಕೈಯೆತ್ತಿ ಸುತ್ತು ತಿರುಗುತ್ತಿದ್ದರು. ಪಕ್ಕದಲ್ಲಿ ಹಿರಿಯರೊಬ್ಬರ ತೊಡೆಯ ಮೇಲೆ ಉದ್ದ ಕೊರಳಿನ ತಂತಿವಾದ್ಯ. ಕೆಳಗೆ ಬರೆದೆ: ಸಿರಿಯಾದ ಅಲವಿಗಳ ಪ್ರಾರ್ಥನೆ.

ಮರುದಿನ ಜರ್ಮನಿಯಲ್ಲಿರುವ ಕನ್ನಡಿಗರೊಬ್ಬರ ಪತ್ರ ಬಂತು. ಅವರ ನೆರೆಮನೆಯವರು ಟರ್ಕಿ ಮೂಲದ ಅಲೆವಿಗಳು. ಮೊಹರಂ ಉಪವಾಸ ಮುಗಿದ ಮೇಲೆ ಗೋಧಿ, ಕಡಲೆ, ಒಣಹಣ್ಣು ಹಾಕಿ ಬೇಯಿಸಿದ ಆಶುರೆಯನ್ನು ಬಟ್ಟಲು ತುಂಬ ಕೊಡುವವರು. ಚಿತ್ರದಲ್ಲಿದ್ದದ್ದು ಅವರ ಸೆಮಾಹ್, ಅಂದರೆ ಪ್ರಾರ್ಥನೆಯ ಕುಣಿತ. ಸಿರಿಯಾಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಎರಡೂ ಹೆಸರು ಪ್ರವಾದಿಯವರ ಅಳಿಯ ಅಲಿಯಿಂದ ಬಂದವು. ಆದರೆ ಅಲೆವಿಗಳು ಟರ್ಕಿಯ ಅನಟೋಲಿಯಾದ ಟರ್ಕಿಷ್ ಮತ್ತು ಕುರ್ದಿಷ್ ಮಾತಿನ ಜನ. ಅವರಿಗೆ ಪೂಜ್ಯರು 13ನೇ ಶತಮಾನದ ಸಂತ ಹಾಜಿ ಬೆಕ್ತಾಶ್ ವೆಲಿ. ಸೇರುವುದು ಜೆಮೆವಿ ಎಂಬ ಪ್ರಾರ್ಥನಾ ಮನೆಯಲ್ಲಿ, ಮುನ್ನಡೆಸುವವರು ದೇದೆ ಎಂಬ ಗುರು, ಅಲ್ಲಿ ಹಾಡೇ ಪ್ರಾರ್ಥನೆ. ಅಲವಿಗಳದು ಅರಬ್ಬಿ ಮಾತು. ಅವರ ಪರಂಪರೆ 9ನೇ ಶತಮಾನದ ಇಬ್ನ್ ನುಸೈರ್‌ವರೆಗೆ ಹೋಗುತ್ತದೆ. ಹಿಂದೆ ಅವರನ್ನು ನುಸೈರಿಗಳು ಎನ್ನುತ್ತಿದ್ದರು. ಒಳಗಿನ ಬೋಧನೆ ದೀಕ್ಷೆ ಪಡೆದ ಗಂಡಸರಿಗೆ ಮಾತ್ರ. ಅವರದೆಂದು ಅಂಥ ಬಯಲು ಚಿತ್ರ ಸಿಕ್ಕಾಗಲೇ ನಾನು ಅನುಮಾನಿಸಬೇಕಿತ್ತು.

ಟರ್ಕಿಯವರೆಲ್ಲ ಅಲೆವಿ, ಸಿರಿಯಾದವರೆಲ್ಲ ಅಲವಿ ಎಂದು ಗೆರೆ ಎಳೆದುಕೊಂಡೆ. ಅದೂ ನಿಲ್ಲಲಿಲ್ಲ. ಟರ್ಕಿಯ ಹತಾಯ್, ಅದಾನಾ, ಮೆರ್ಸಿನ್‌ಗಳಲ್ಲಿ ಅರಬ್ಬಿ ಮೂಲದ ಅಲವಿಗಳಿದ್ದಾರೆ, ಟರ್ಕಿಷ್‌ನಲ್ಲಿ ಅವರಿಗೂ ಅಲೆವಿ ಎಂದೇ ಹೆಸರು. ಈಗ ದೇಶ ನೋಡಿ ಸುಮ್ಮನಾಗುವುದಿಲ್ಲ. ಮೂಲ ಭಾಷೆ ಯಾವುದು, ಎಲ್ಲಿ ಸೇರುತ್ತಾರೆ ಎಂದು ಕೇಳುತ್ತೇನೆ. ವಡೋದರದ ಅಲವಿ ಬೋಹ್ರಾಗಳು, ಮೊರಾಕ್ಕೊದ ಸುನ್ನಿ ಅಲವಿ ರಾಜಮನೆತನ ಮತ್ತೂ ಬೇರೆಯೇ.

ಇದು ಬರೀ ಕಾಗುಣಿತದ ಮಾತಲ್ಲ. ಸಿರಿಯಾವನ್ನು ಆಳಿದ್ದ ಅಸಾದ್ ಮನೆತನ ಅಲವಿ ಎಂಬ ಒಂದೇ ಕಾರಣಕ್ಕೆ ಅದರ ಪಾಪವನ್ನು ಬಡ ಅಲವಿ ರೈತನ ತಲೆಗೆ ಕಟ್ಟುವುದೇ ಅನ್ಯಾಯ. ಹೆಸರು ಹೋಲುತ್ತದೆಂದು ಅಲೆವಿಗಳಿಗೂ ಕಟ್ಟಿದರೆ? ಅವರಿಗೆ ಅವರದೇ ಗಾಯಗಳಿವೆ. 1993ರ ಜುಲೈ 2ರಂದು ಟರ್ಕಿಯ ಸಿವಾಸ್‌ನಲ್ಲಿ ಗುಂಪೊಂದು ಹೋಟೆಲಿಗೆ ಬೆಂಕಿ ಹಚ್ಚಿತು. ಹಳೆಯ ಅಲೆವಿ ಕವಿ ಪೀರ್ ಸುಲ್ತಾನ್ ಅಬ್ದಾಲ್ ಹೆಸರಿನ ಉತ್ಸವಕ್ಕೆ ಬಂದಿದ್ದ ಕವಿಗಳು, ಗಾಯಕರು, ಸೆಮಾಹ್ ಆಡುವ ಎಳೆಯರು ಅದರಲ್ಲಿ ಸತ್ತರು.

ಅದೇ ಸೆಮಾಹ್ ಚಿತ್ರಕ್ಕೆ ನಾನು ತಪ್ಪು ಹೆಸರು ಕೊಟ್ಟಿದ್ದೆ. ತಿದ್ದುಪಡಿಯನ್ನು ನಾನೇ ಬರೆದೆ, ಅದರ ಪ್ರತಿಯನ್ನು ಜರ್ಮನಿಗೆ ಕಳಿಸಿದೆ. ನೆರೆಮನೆಯವರಿಗೆ ಓದಿ ಹೇಳಿದೆನೆಂದು ಆ ಓದುಗರು ಉತ್ತರ ಬರೆದರು.